ಎತ್ತರಿಸಿದ ಗಾಡಿ ಕುಕ್ಕತೊಡಗಿದರೆ: ಸಸ್ಪೆನ್ಷನ್ ಗಡಸುತನ ಮತ್ತು ಎತ್ತರವನ್ನು ಸರಿಪಡಿಸುವ ಕ್ರಮ

ಆಫ್-ರೋಡ್ ಗಾಡಿಗೆ, ಅದನ್ನು ನೆಲದಿಂದ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದ ಮೊದಲ ವಾರದಲ್ಲೇ ಮಾಲೀಕರಿಂದ ಸಾಮಾನ್ಯವಾಗಿ ಎರಡು ದೂರುಗಳು ಕೇಳಿಬರುತ್ತವೆ. ಹೇಳಿದ್ದಕ್ಕಿಂತ ಗಾಡಿ ಹೆಚ್ಚು ಎತ್ತರಕ್ಕೆ ನಿಂತಿದೆ ಎಂಬುದು ಒಂದು. ಸಣ್ಣ ಗುಂಡಿಗೂ ಎತ್ತಿ ಕುಕ್ಕುತ್ತದೆ ಎಂಬುದು ಇನ್ನೊಂದು. ಇದಕ್ಕೆ ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ: 'ಹೊಸದಲ್ಲವೇ, ಸಾವಿರ ಕಿಲೋಮೀಟರ್ ಓಡಿದರೆ ಮೆತ್ತಗಾಗುತ್ತದೆ.' ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಏಕೆಂದರೆ ಹೊಸ ಸ್ಪ್ರಿಂಗ್ ಆರಂಭದಲ್ಲಿ ಕೆಲವು ಮಿಲಿಮೀಟರ್ ಕೂರುವುದುಂಟು. ಆದರೆ ಕೂತ ಸ್ಪ್ರಿಂಗಿನ ಎತ್ತರ ಕಡಿಮೆಯಾಗುತ್ತದೆಯೇ ಹೊರತು ಗಡಸುತನ ಇಳಿಯುವುದಿಲ್ಲ. ಆದ್ದರಿಂದ ಕಾಯುತ್ತ ಕೂರುವ ಬದಲು, ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ತೊಡಗಿ ಖರ್ಚಿನ ಬದಲಾವಣೆಗಳವರೆಗೆ ಒಂದು ಕ್ರಮದಲ್ಲಿ ಸಾಗುವುದು ಒಳ್ಳೆಯದು. ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಎಷ್ಟು ಎತ್ತರಿಸಬಹುದೆಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ, ಗಾಡಿ ನೋಂದಣಿಯಾದ ಕಡೆಯ ನಿಯಮವನ್ನು ಮೊದಲೇ ತಿಳಿದುಕೊಂಡಿರಬೇಕು.

ಎತ್ತರ ಬೇರೆ, ಗಡಸುತನ ಬೇರೆ

ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಅದುಮಲು ಎಷ್ಟು ಬಲ ಬೇಕೆಂಬುದು ಅದರ ಗಡಸುತನ. ಇದನ್ನೇ ಸ್ಪ್ರಿಂಗ್ ರೇಟ್ ಎನ್ನುತ್ತಾರೆ. ಗಾಡಿಯ ಭಾರ ಹೊತ್ತಾಗ ಅದೇ ಸ್ಪ್ರಿಂಗ್ ಎಲ್ಲಿಗೆ ಬಂದು ನಿಲ್ಲುತ್ತದೆಂಬುದು ಎತ್ತರ. ರೇಟ್ ಬದಲಾಗದೆ ಸ್ಪ್ರಿಂಗ್ ಉದ್ದವಾಗಿದ್ದರೆ ಗಾಡಿ ಎತ್ತರವಾಗುತ್ತದೆ, ಗಡಸಾಗುವುದಿಲ್ಲ. ಉದ್ದ ಅಷ್ಟೇ ಇದ್ದು ರೇಟ್ ಹೆಚ್ಚಾದರೆ ಎರಡೂ ಆಗುತ್ತವೆ. ಮಾರುಕಟ್ಟೆಯ ಬಹುಪಾಲು ಕಿಟ್‌ಗಳು ಎರಡನ್ನೂ ಸ್ವಲ್ಪ ಸ್ವಲ್ಪ ಬದಲಿಸುತ್ತವೆ.

ಒಂದು ಲೆಕ್ಕ ನೋಡೋಣ. ಸುಝುಕಿ ಜಿಮ್ನಿಯಲ್ಲಿರುವಂತೆ ಇಡೀ ಆ್ಯಕ್ಸಲ್ (ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ತೊಲೆ) ಮೇಲೆ ಕಾಯಿಲ್ (ಸುರುಳಿ) ಸ್ಪ್ರಿಂಗ್ ಕೂತಿರುವ ಗಾಡಿ ಎಂದುಕೊಳ್ಳಿ. ಒಂದು ಮೂಲೆಯ ಸ್ಪ್ರಿಂಗ್ ಮೇಲೆ 400 ಕಿಲೋ ಭಾರವಿದ್ದು, ಅದರ ರೇಟ್ ಮಿಲಿಮೀಟರಿಗೆ 40 ನ್ಯೂಟನ್ ಇದ್ದರೆ, ಅದು ಸುಮಾರು 98 ಮಿ.ಮೀ. ಅದುಮಿಕೊಂಡು ನಿಲ್ಲುತ್ತದೆ. ಅದೇ ಉದ್ದದ, ಆದರೆ 60 ನ್ಯೂಟನ್ ರೇಟಿನ ಸ್ಪ್ರಿಂಗ್ ಹಾಕಿದರೆ ಅದುಮುವುದು 65 ಮಿ.ಮೀ. ಮಾತ್ರ, ಅಂದರೆ ಉದ್ದ ಹೆಚ್ಚಿಸದೆಯೇ ಗಾಡಿ 33 ಮಿ.ಮೀ. ಮೇಲೆದ್ದಿತು. ಆದರೆ 25 ಮಿ.ಮೀ. ಉಬ್ಬಿನ ಮೇಲೆ ಚಕ್ರ ಹತ್ತಿದಾಗ ಗಾಡಿಯ ಒಡಲಿಗೆ ತಟ್ಟುವ ಹೆಚ್ಚುವರಿ ಬಲ 1,000 ನ್ಯೂಟನ್ನಿನಿಂದ 1,500ಕ್ಕೆ ಏರಿತು. ಗಾಡಿ ಮೇಲೆ ಕೆಳಗೆ ತೂಗುವ ಸಹಜ ವೇಗವೂ ಸೆಕೆಂಡಿಗೆ ಸುಮಾರು 1.6 ಬಾರಿಯಿಂದ 1.95 ಬಾರಿಗೆ ಹೋಯಿತು. ನಾವು 'ಕುಕ್ಕುತ್ತಿದೆ' ಎನ್ನುವುದು ಬಹುಮಟ್ಟಿಗೆ ಈ ಏರಿಕೆಯನ್ನೇ.

ಕಾಯಿಲ್‌ನ ತಂತಿಯ ದಪ್ಪ ಎಷ್ಟು ಸೂಕ್ಷ್ಮವಾದ ವಿಷಯವೆಂಬುದನ್ನೂ ಇಲ್ಲೇ ಹೇಳಬೇಕು. ರೇಟ್ ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಉಳಿದೆಲ್ಲ ಅಳತೆ ಒಂದೇ ಇದ್ದು, ತಂತಿ 14 ಮಿ.ಮೀ.ನಿಂದ 15 ಮಿ.ಮೀ.ಗೆ ಹೋದರೂ ಸ್ಪ್ರಿಂಗ್ ಸುಮಾರು 32 ಪ್ರತಿಶತ ಗಡಸಾಗುತ್ತದೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುವುದರಿಂದ, ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರನ್ನು ಬರೆದಿಟ್ಟುಕೊಳ್ಳದೆ ಸ್ಪ್ರಿಂಗ್ ಹಾಕಿಸಬೇಡಿ.

ಮೊದಲ ಹೆಜ್ಜೆ: ನಾಲ್ಕೂ ಮೂಲೆಗಳ ಅಳತೆ

ನೆಲದಿಂದ ಮಡ್‌ಗಾರ್ಡ್‌ವರೆಗೆ ಅಳೆದರೆ ಟೈರಿನ ಗಾತ್ರವೂ ಗಾಳಿಯೂ ಲೆಕ್ಕದೊಳಗೆ ಸೇರಿಬಿಡುತ್ತವೆ. ಆದ್ದರಿಂದ ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲ ಸಮತಟ್ಟಾಗಿರಲಿ, ಇಂಧನದ ಮಟ್ಟ ಮತ್ತು ಸಾಮಾನು ಪ್ರತಿ ಸಲವೂ ಒಂದೇ ಇರಲಿ. ಜಾಕ್ ಮೇಲೆ ಎತ್ತಿ ಇಳಿಸಿದ ತಕ್ಷಣ ತೆಗೆದುಕೊಂಡ ಅಳತೆಯನ್ನು ನಂಬಬಾರದು. ಅದರಲ್ಲೂ ಮುಂದಿನ ಚಕ್ರಗಳು ಸ್ವತಂತ್ರ ಸಸ್ಪೆನ್ಷನ್ನಿನಲ್ಲಿರುವ (ಎಡಬಲ ಚಕ್ರಗಳು ಬೇರೆಬೇರೆಯಾಗಿ ಆಡುವ) ಗಾಡಿಯಲ್ಲಿ, ಎತ್ತಿದಾಗ ಒಳಸರಿದ ಟೈರುಗಳು ಇಳಿಸಿದ ಮೇಲೆ ನೆಲವನ್ನು ಕಚ್ಚಿಕೊಂಡು, ಗಾಡಿಯನ್ನು ಒಂದೆರಡು ಸೆಂಟಿಮೀಟರ್ ಮೇಲೆಯೇ ಹಿಡಿದಿರುತ್ತವೆ. ಗಾಡಿಯನ್ನು ಹತ್ತು ಅಡಿ ಹಿಂದೆ ಮುಂದೆ ಓಡಿಸಿ, ಬಂಪರ್ ಮೇಲೆ ಕೆಲವು ಬಾರಿ ಅದುಮಿ ಬಿಟ್ಟ ಮೇಲೆ ಅಳೆಯಿರಿ.

ಎಡಬಲ ವ್ಯತ್ಯಾಸ 5 ಮಿ.ಮೀ. ಒಳಗಿದ್ದರೆ ಚಿಂತೆ ಬೇಡ. ಇಂಧನದ ಟ್ಯಾಂಕು, ಬ್ಯಾಟರಿ, ಚಾಲಕ ಇವೆಲ್ಲ ಒಂದೊಂದು ಬದಿಗೆ ಇರುವುದರಿಂದ ಅಷ್ಟು ಸಹಜ. ಅದಕ್ಕಿಂತ ಹೆಚ್ಚಿದ್ದರೆ ಮೊದಲು ಕಾಯಿಲ್‌ನ ತುದಿ ಅದರ ತಟ್ಟೆಯ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಕೆಲವು ಗಾಡಿಗಳಲ್ಲಿ ಎಡ ಮತ್ತು ಬಲದ ಸ್ಪ್ರಿಂಗ್‌ಗಳೇ ಬೇರೆ ಉದ್ದದವು, ಅವು ಅದಲುಬದಲಾಗಿರುವ ಸಾಧ್ಯತೆಯೂ ಇದೆ. ಇವೆರಡೂ ಸರಿಯಿದ್ದರೆ ಮಾತ್ರ ಸ್ಪ್ರಿಂಗಿಗೆ 5ರಿಂದ 10 ಮಿ.ಮೀ. ದಪ್ಪದ ಪ್ಯಾಕರ್ (ಬಿಲ್ಲೆ) ಹಾಕಿ ಸಮಮಾಡುವ ಮಾತು.

ಎರಡನೆಯ ಹೆಜ್ಜೆ: ಟೈರಿನ ಗಾಳಿ

ಲಿಫ್ಟ್ ಮಾಡಿಸಿದವರು ಬಹುತೇಕ ಅದೇ ದಿನ ದೊಡ್ಡ ಟೈರನ್ನೂ ಹಾಕಿಸುತ್ತಾರೆ. ಹೆಚ್ಚು ಪದರಗಳ, ದಪ್ಪ ಪಕ್ಕೆಯ ಆಫ್-ರೋಡ್ ಟೈರ್ ತನ್ನಷ್ಟಕ್ಕೇ ಗಡಸು. ಅದಕ್ಕೆ ಗಾಳಿಯನ್ನೂ ಮಿತಿಮೀರಿ ತುಂಬಿದರೆ ರಸ್ತೆಯ ಪ್ರತಿಯೊಂದು ಕಲ್ಲೂ ಸ್ಟಿಯರಿಂಗಿಗೆ ತಿಳಿಯುತ್ತದೆ. ದೋಷ ಟೈರಿನದು, ಬೈಗುಳ ಸ್ಪ್ರಿಂಗಿಗೆ. ಟೈರ್ ತಯಾರಕರ ಭಾರದ ಪಟ್ಟಿಯನ್ನು ನೋಡಿ, ನಿಮ್ಮ ಆ್ಯಕ್ಸಲ್ ಭಾರಕ್ಕೆ ತಕ್ಕ ಒತ್ತಡವನ್ನು ತಣ್ಣಗಿರುವಾಗ ತುಂಬಿ. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದ ಮೇಲೆ ಒತ್ತಡ ಸುಮಾರು 4 ಪಿಎಸ್‌ಐ ಏರಿದರೆ ಒತ್ತಡ ಸರಿಯಿದೆ, ಅದಕ್ಕಿಂತ ಹೆಚ್ಚು ಏರಿದರೆ ಗಾಳಿ ಕಡಿಮೆಯಾಗಿದೆ, ಏರಿಕೆ ತೀರ ಕಡಿಮೆಯಿದ್ದರೆ ಗಾಳಿ ಹೆಚ್ಚಾಗಿದೆ ಎಂಬುದು ಆಫ್-ರೋಡ್ ಚಾಲಕರಲ್ಲಿ ರೂಢಿಯಲ್ಲಿರುವ ಅಂದಾಜು. ಭಾರದ ಪಟ್ಟಿ ಹೇಳುವ ಕನಿಷ್ಠಕ್ಕಿಂತ ಕೆಳಗೆ ಮಾತ್ರ ರಸ್ತೆಯ ಮೇಲೆ ಇಳಿಯಬೇಡಿ.

ಮೂರನೆಯ ಹೆಜ್ಜೆ: ಬುಷ್‌ಗಳನ್ನು ಸಡಿಲಿಸಿ, ನಿಂತ ಎತ್ತರದಲ್ಲಿ ಮತ್ತೆ ಬಿಗಿಯುವುದು

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಇದರ ಖರ್ಚು ಒಂದು ಬೆಳಗಿನ ಸಮಯ ಮಾತ್ರ, ಫಲವೋ ಅನೇಕ ಸಲ ಹೊಸ ಶಾಕ್ ಅಬ್ಸಾರ್ಬರ್ ಹಾಕಿದಷ್ಟು.

ಚಕ್ರವನ್ನೋ ಆ್ಯಕ್ಸಲ್ಲನ್ನೋ ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್, ಟ್ರೇಲಿಂಗ್ ಆರ್ಮ್, ಪ್ಯಾನ್‌ಹಾರ್ಡ್ ರಾಡ್, ಲೀಫ್ (ಪಟ್ಟಿ) ಸ್ಪ್ರಿಂಗಿನ ತುದಿಯ ಕಣ್ಣು ಇವುಗಳಲ್ಲಿರುವ ರಬ್ಬರ್ ಬುಷ್ ತಿರುಗುವ ಬೇರಿಂಗ್ ಅಲ್ಲ. ಅದರ ಒಳಗಿನ ಉಕ್ಕಿನ ಕೊಳವೆ ಬೋಲ್ಟಿನ ಬಿಗಿತದಿಂದ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ, ಹೊರಗಿನ ಕೊಳವೆ ಆರ್ಮ್ ಜೊತೆ ತಿರುಗುತ್ತದೆ, ನಡುವಿನ ರಬ್ಬರ್ ಹಿಂಡಿಕೊಂಡು ಆ ಚಲನೆಯನ್ನು ಸಹಿಸುತ್ತದೆ. ಲಿಫ್ಟ್ ಹಾಕುವಾಗ ಗಾಡಿ ಹಾಯ್ಸ್ಟ್ ಮೇಲಿರುತ್ತದೆ, ಚಕ್ರಗಳು ನೇತಾಡುತ್ತಿರುತ್ತವೆ. ಆ ಸ್ಥಿತಿಯಲ್ಲೇ ಬೋಲ್ಟುಗಳನ್ನು ಬಿಗಿದುಬಿಟ್ಟರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಪ್ರತಿಯೊಂದು ಬುಷ್ ಕೂಡ ತಿರುಚಿಕೊಂಡು, ಚಕ್ರವನ್ನು ಮತ್ತೆ ಕೆಳಕ್ಕೆ ನೂಕುವ ಇನ್ನೊಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಪರಿಣಾಮವಾಗಿ ಗಾಡಿ ಹೆಚ್ಚು ಎತ್ತರಕ್ಕೆ ನಿಲ್ಲುತ್ತದೆ, ಸಣ್ಣ ಉಬ್ಬುಗಳಿಗೆ ಮಣಿಯುವುದಿಲ್ಲ, ಕೆಲವು ತಿಂಗಳಲ್ಲಿ ರಬ್ಬರ್ ಹರಿದು ಟಕಟಕ ಸದ್ದು ಶುರುವಾಗುತ್ತದೆ.

ನನ್ನ ಗಾಡಿಯ ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗಿತ್ತು. 50 ಮಿ.ಮೀ. ಲಿಫ್ಟ್ ಹಾಕಿಸಿದ ಮೇಲೆ ಅದು ಎಷ್ಟು ಕುಕ್ಕುತ್ತಿತ್ತೆಂದರೆ, ಹಿಂದಿನ ಸೀಟಿನಲ್ಲಿ ಯಾರೂ ಒಂದು ತಾಸಿಗಿಂತ ಹೆಚ್ಚು ಕೂರುತ್ತಿರಲಿಲ್ಲ. ಶಾಕ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಒಂದು ದಿನ ಗಾಡಿ ತನ್ನ ಚಕ್ರಗಳ ಮೇಲೆಯೇ ನಿಂತಿರುವಾಗ, ಎಡಬದಿಯ ಮುಂದಿನ ಕಣ್ಣಿನ ಬೋಲ್ಟಿಗೆ ಸ್ಪಾನರ್ ಹಾಕಿ ಕಾಲು ಸುತ್ತು ಸಡಿಲಿಸಿದೆ. ಒಳಗಿನ ಕೊಳವೆ 'ಟಣ್' ಎಂದು ಜಾರಿ ತಿರುಗಿತು. ಬ್ರಾಕೆಟ್ಟಿನ ಅಂಚಿನಲ್ಲಿ ಬೋಲ್ಟಿನ ತಲೆಯ ಕೆಳಗಿದ್ದ ಬಣ್ಣದ ಮೇಲೆ ಅರ್ಧಚಂದ್ರಾಕಾರದ ಹೊಸ ಗೀರು ಮೂಡಿತು. ಎರಡೂ ಬದಿಯ ಕಣ್ಣುಗಳನ್ನೂ ಲೀಫ್ ತುದಿಯನ್ನು ಚಾಸಿಗೆ ತೂಗುಹಾಕುವ ಷ್ಯಾಕಲ್‌ಗಳನ್ನೂ ಸಡಿಲಿಸಿ ಮುಗಿಸುವಷ್ಟರಲ್ಲಿ ಹಿಂಭಾಗ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚೇ ಇಳಿದಿತ್ತು. ಸಂಜೆ ಅದೇ ರಸ್ತೆಯಲ್ಲಿ ಹೋದಾಗ ಅದು ಬೇರೆ ಗಾಡಿಯೇ ಅನ್ನಿಸಿತು.

ಮಾಡುವ ವಿಧಾನ ಹೀಗೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಾಲ್ಕೂ ಚಕ್ರಗಳ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಕೆಳಗೆ ನುಸುಳಲು ಜಾಗ ಸಾಲದಿದ್ದರೆ ಚಕ್ರಗಳನ್ನು ರ್‍ಯಾಂಪ್ ಮೇಲೆ ಹತ್ತಿಸಿ. ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಉದ್ದೇಶವೇ ಕೆಡುತ್ತದೆ. ಬೋಲ್ಟುಗಳನ್ನು ಸಂಪೂರ್ಣ ತೆಗೆಯದೆ, ಒಳಕೊಳವೆ ಸ್ವತಂತ್ರವಾಗುವಷ್ಟು ಮಾತ್ರ ಸಡಿಲಿಸಿ. ಬಂಪರ್ ಅದುಮಿ ಗಾಡಿಯನ್ನು ಕುಲುಕಿಸಿ. ಬಳಿಕ ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಕ್ಯಾಂಬರ್ ಅಥವಾ ಕ್ಯಾಸ್ಟರ್ (ಚಕ್ರದ ಮತ್ತು ಸ್ಟಿಯರಿಂಗ್ ಅಕ್ಷದ ವಾಲುವಿಕೆ) ಹೊಂದಿಸುವ ಕ್ಯಾಮ್ ಬೋಲ್ಟುಗಳಿದ್ದರೆ ಅವುಗಳ ಸ್ಥಾನವನ್ನು ಮೊದಲೇ ಬಣ್ಣದಿಂದ ಗುರುತಿಸಿ, ಏಕೆಂದರೆ ಅವು ಜರುಗಿದರೆ ವೀಲ್ ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕಾಗುತ್ತದೆ. ಪಾಲಿಯುರೆಥೇನ್ ಬುಷ್‌ಗಳು ಒಳಕೊಳವೆಯ ಸುತ್ತ ಜಾರುವುದರಿಂದ ಅವುಗಳಿಗೆ ಈ ತಿರುಚಿನ ತೊಂದರೆ ಇಲ್ಲ. ಅವುಗಳಿಗೆ ಬೇಕಾದದ್ದು ಗ್ರೀಸ್.

ನಾಲ್ಕನೆಯ ಹೆಜ್ಜೆ: ಚಕ್ರಕ್ಕೆ ಕೆಳಗಿಳಿಯಲು ಜಾಗ ಉಳಿದಿದೆಯೇ?

ನಿಂತ ಸ್ಥಾನದಿಂದ ಚಕ್ರ ಮೇಲಕ್ಕೆ ಹೋಗಬಲ್ಲ ದೂರವನ್ನು ಬಂಪ್ ಎಂದೂ, ಕೆಳಕ್ಕೆ ಇಳಿಯಬಲ್ಲ ದೂರವನ್ನು ಡ್ರೂಪ್ ಎಂದೂ ಕರೆಯುತ್ತಾರೆ. ಗಡಸುತನವೆಂದರೆ ಅದುಮುವಾಗಿನ ತಡೆ ಮಾತ್ರ ಎಂದು ನಾವು ಭಾವಿಸುತ್ತೇವೆ. ಆದರೆ ಲಿಫ್ಟ್ ಆದ ಗಾಡಿಗಳಲ್ಲಿ ಕುಕ್ಕಾಟದ ದೊಡ್ಡ ಪಾಲು ಬರುವುದು ಚಕ್ರ ಗುಂಡಿಗೆ ಇಳಿಯಲಾಗದೆ ತಡೆಹಿಡಿದಾಗ.

ಹಳೆಯ ಶಾಕ್ ಉಳಿಸಿಕೊಂಡು 50 ಮಿ.ಮೀ. ಎತ್ತರಿಸಿದ ಗಾಡಿಯನ್ನು ಗಮನಿಸಿ. ಮೊದಲು 100 ಮಿ.ಮೀ. ಡ್ರೂಪ್ ಇದ್ದಿದ್ದರೆ ಈಗ ಉಳಿದದ್ದು 50. ಅದಕ್ಕಿಂತ ಆಳದ ಗುಂಡಿಯ ಮೇಲೆ ವೇಗವಾಗಿ ಹೋದಾಗ ಶಾಕ್ ತನ್ನ ಪೂರ್ಣ ಉದ್ದಕ್ಕೆ ಚಾಚಿ ಜಗ್ಗುತ್ತದೆ, ಅರೆಕ್ಷಣದಲ್ಲಿ ಚಕ್ರದ, ಆ್ಯಕ್ಸಲ್‌ನ ಭಾರವೆಲ್ಲ ಅದರ ರಾಡಿಗೆ ನೇತುಬೀಳುತ್ತದೆ. 'ಠಕ್' ಎಂಬ ಆ ಪೆಟ್ಟನ್ನು ಸ್ಪ್ರಿಂಗ್ ಗಡಸೆಂದು ಓದುವುದು ಸುಲಭ. ವ್ಯತ್ಯಾಸ ತಿಳಿಯುವುದು ಹೀಗೆ: ಉಬ್ಬು ಹತ್ತುವಾಗ ಪೆಟ್ಟು ಬಿದ್ದರೆ ಸ್ಪ್ರಿಂಗ್, ಶಾಕ್‌ನ ಅದುಮು ತಡೆ ಅಥವಾ ಬಂಪ್ ಸ್ಟಾಪ್ (ಮೇಲ್ಚಲನೆಯ ಕೊನೆಯಲ್ಲಿ ತಡೆಯುವ ರಬ್ಬರ್) ಕಡೆ ನೋಡಿ, ಉಬ್ಬು ದಾಟಿ ಇಳಿಯುವಾಗ ಬಿದ್ದರೆ ಡ್ರೂಪ್ ಕಡೆ ನೋಡಿ.

ಅಳೆಯಲು, ಗಾಡಿ ನಿಂತಿರುವಾಗ ಶಾಕ್‌ನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವಿನ ದೂರ ತೆಗೆದುಕೊಳ್ಳಿ. ಬಳಿಕ ಚಾಸಿಯನ್ನು ಎತ್ತಿ, ಆ್ಯಕ್ಸಲ್ ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರ ನೇತಾಡುವಾಗ ಮತ್ತೆ ಅಳೆಯಿರಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಎಂದಿಗೂ ಹೋಗಬೇಡಿ. ಎರಡರ ವ್ಯತ್ಯಾಸವೇ ಶಾಕ್ ಉಳಿಸಿಕೊಟ್ಟಿರುವ ಡ್ರೂಪ್. ಒಟ್ಟು ಚಲನೆಯ ಮೂರನೇ ಒಂದು ಭಾಗವಾದರೂ ಡ್ರೂಪ್‌ಗೆ ಉಳಿದಿರಬೇಕೆಂಬುದು ನನ್ನ ನಿಲುವು. ಉಳಿದಿಲ್ಲವಾದರೆ ಎತ್ತರ ಇಳಿಸಬೇಕು ಇಲ್ಲವೇ ಉದ್ದದ ಶಾಕ್ ಹಾಕಬೇಕು. ಉದ್ದದ ಶಾಕ್ ಹಾಕುವವರು ಇನ್ನೊಂದು ತುದಿಯನ್ನೂ ಪರೀಕ್ಷಿಸಲೇಬೇಕು: ಸ್ಪ್ರಿಂಗ್ ತೆಗೆದು ಆ್ಯಕ್ಸಲ್ಲನ್ನು ಜಾಕಿನಿಂದ ಬಂಪ್ ಸ್ಟಾಪ್‌ವರೆಗೆ ಎತ್ತಿದಾಗ, ಶಾಕ್‌ನಲ್ಲಿ ಇನ್ನೂ 10ರಿಂದ 15 ಮಿ.ಮೀ. ಚಲನೆ ಉಳಿದಿರಬೇಕು. ಅಷ್ಟಿಲ್ಲದಿದ್ದರೆ ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಶಾಕ್ ತಳಕ್ಕೆ ಬಡಿದು ಅದರ ಆಧಾರವೇ ಮುರಿಯಬಹುದು. ಆಗ ಬಂಪ್ ಸ್ಟಾಪನ್ನು ಉದ್ದಮಾಡಬೇಕು.

ಐದನೆಯ ಹೆಜ್ಜೆ: ಯಾವ ವಿಧಾನದಿಂದ ಎತ್ತರ ಬಂದಿದೆ ಎಂದು ಗುರುತಿಸುವುದು

ಕಾಯಿಲ್‌ಓವರ್‌ನಲ್ಲಿ (ಶಾಕ್ ಸುತ್ತಲೇ ಸ್ಪ್ರಿಂಗ್ ಕೂತಿರುವ ಜೋಡಣೆ) ಸ್ಪ್ರಿಂಗಿನ ತಟ್ಟೆಯನ್ನು ತಿರುಗಿಸಿ ಎತ್ತರಿಸುವುದುಂಟು. ಹೀಗೆ ಪ್ರೀಲೋಡ್ (ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಅದುಮಿಡುವುದು) ಹೆಚ್ಚಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ತಪ್ಪು. ಎಲ್ಲ ಕಡೆ ಒಂದೇ ರೇಟಿರುವ ಸ್ಪ್ರಿಂಗಿನ ಗಡಸುತನ ಪ್ರೀಲೋಡ್‌ನಿಂದ ಬದಲಾಗುವುದಿಲ್ಲ. ಬದಲಾಗುವುದು ಎತ್ತರ, ಮತ್ತು ಅಷ್ಟರಮಟ್ಟಿಗೆ ಕರಗುವ ಡ್ರೂಪ್. ಪ್ರೀಲೋಡ್ ಮಿತಿಮೀರಿ ಶಾಕ್ ಪೂರ್ಣ ಚಾಚುವ ಹಂತಕ್ಕೆ ಬಂದರೆ ಮಾತ್ರ ಗಾಡಿ ಮರದ ದಿಮ್ಮಿಯ ಮೇಲೆ ಕೂತಂತಾಗುತ್ತದೆ. ಆಗ ಅರ್ಧ ಸೆಂಟಿಮೀಟರ್ ಇಳಿಸಿದರೂ ಸವಾರಿ ಬದಲಾಗುವುದನ್ನು ಕಾಣಬಹುದು.

ಟೊಯೊಟಾ ಹೈಲಕ್ಸ್‌ನಂಥ ಸ್ವತಂತ್ರ ಮುಂಭಾಗದ ಗಾಡಿಗಳಲ್ಲಿ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಜೋಡಣೆ) ಮೇಲೆ ಸ್ಪೇಸರ್ ಬಿಲ್ಲೆ ಇಡುವುದು ಅಗ್ಗದ ದಾರಿ. ಇಲ್ಲಿ ಸ್ಟ್ರಟ್ ಆರ್ಮ್‌ನ ನಡುವೆಲ್ಲೋ ಕೂತಿರುವುದರಿಂದ ಸ್ಪೇಸರಿನ ದಪ್ಪಕ್ಕಿಂತ ಚಕ್ರದ ಎತ್ತರ ಹೆಚ್ಚು ಬದಲಾಗುತ್ತದೆ. ಸ್ಟ್ರಟ್ ಚಲನೆ ಚಕ್ರದ ಚಲನೆಯ 0.6ರಷ್ಟಿದ್ದರೆ 25 ಮಿ.ಮೀ. ಸ್ಪೇಸರ್ 42 ಮಿ.ಮೀ. ಎತ್ತರ ಕೊಡುತ್ತದೆ. 'ಇಂಚು ಕೇಳಿದೆ, ಒಂದೂಮುಕ್ಕಾಲು ಬಂತು' ಎನ್ನುವವರಿಗೆ ಉತ್ತರ ಇದೇ. ಸ್ಪ್ರಿಂಗ್ ಬದಲಾಗದ ಕಾರಣ ಗಡಸುತನ ಹೆಚ್ಚಬಾರದು. ಹೆಚ್ಚಿದ್ದರೆ ಮೇಲಿನ ಆರ್ಮ್ ಡ್ರೂಪ್ ಸ್ಟಾಪಿಗೆ (ಕೆಳಚಲನೆಯ ತಡೆಗೆ) ಅಥವಾ ಕಾಯಿಲ್‌ಗೇ ತಗಲುತ್ತಿದೆಯೇ ಎಂದು ಹೊಳಪಾದ ಉಜ್ಜು ಗುರುತುಗಳನ್ನು ಹುಡುಕಿ. ಆರ್ಮ್ ತುದಿಯ ಬಾಲ್ ಜಾಯಿಂಟ್ ಮತ್ತು ಚಕ್ರಕ್ಕೆ ಎಂಜಿನ್ ಬಲ ಒಯ್ಯುವ ಸಿ.ವಿ. ಜಾಯಿಂಟ್‌ಗಳ ಕೋನವೂ ಇಲ್ಲಿ ಹದ್ದುಮೀರುತ್ತದೆ, ಆದ್ದರಿಂದ ಮುಂಭಾಗದಲ್ಲಿ 50 ಮಿ.ಮೀ. ದಾಟಬಾರದೆಂದು ಅನುಭವಿಗಳು ಹೇಳುವುದರಲ್ಲಿ ಅರ್ಥವಿದೆ.

ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸಲಾಕೆ) ಇರುವ ಗಾಡಿಗಳಲ್ಲಿ, ಉದಾಹರಣೆಗೆ 2010ರ ಮಹೀಂದ್ರ ಥಾರ್‌ನ ಮುಂಭಾಗದಲ್ಲಿ, ಹೊಂದಿಕೆಯ ಬೋಲ್ಟ್ ತಿರುಗಿಸಿದರೆ ಎತ್ತರ ಬರುತ್ತದೆ. ಬಾರಿನ ರೇಟ್ ಅದೇ ಇರುತ್ತದೆ. ಆದರೆ ಬೋಲ್ಟ್ ತಿರುಗಿಸಿದಷ್ಟೂ ಆರ್ಮ್ ಡ್ರೂಪ್ ಸ್ಟಾಪಿನ ಹತ್ತಿರ ಸರಿಯುತ್ತದೆ. ಸವಾರಿ ಕೆಟ್ಟಿದ್ದರೆ ಮೊದಲ ಔಷಧ ಎರಡೂ ಬದಿಯ ಬೋಲ್ಟನ್ನು ಎಣಿಸಿ ಸಮವಾಗಿ ಹಿಂತಿರುಗಿಸುವುದು.

ಲೀಫ್ ಸ್ಪ್ರಿಂಗಿನದು ಬೇರೆಯೇ ಲೋಕ. ಗಿಡ್ಡದಾದ, ಹೆಚ್ಚು ಬಾಗಿದ ಒಂದು ಪಟ್ಟಿಯನ್ನು ಕಟ್ಟಿನೊಳಗೆ ಸೇರಿಸಿ ಎತ್ತರಿಸಿದ್ದರೆ ರೇಟ್ ಬಹಳ ಏರುತ್ತದೆ. ಅದೇ ಎತ್ತರಕ್ಕೆ ಉದ್ದನೆಯ ಪಟ್ಟಿ ಹೆಚ್ಚು ಮೆತ್ತಗೆ. ಪಟ್ಟಿಗಳ ನಡುವಿನ ತಿಕ್ಕಾಟವೂ ಗಡಸುತನವಾಗಿಯೇ ಅನುಭವಕ್ಕೆ ಬರುತ್ತದೆ, ಹಾಗಾಗಿ ತುದಿಗಳಲ್ಲಿ ಜಾರುಪಟ್ಟಿಗಳು ಉಳಿದಿವೆಯೇ ನೋಡಿ. ಷ್ಯಾಕಲ್ ಕೋನವನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಲೀಫ್ ಅದುಮಿದಾಗ ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಷ್ಯಾಕಲ್ ಹೊರಕ್ಕೆ ತೂಗಿ ದಾರಿ ಕೊಡಬೇಕು. ನಿಂತ ಗಾಡಿಯಲ್ಲಿ ಷ್ಯಾಕಲ್‌ನ ಲೀಫ್ ಕಡೆಯ ತುದಿ ಆ್ಯಕ್ಸಲ್ಲಿನಿಂದ ತುಸು ದೂರಕ್ಕೆ ವಾಲಿರಬೇಕು. ಕಮಾನು ಹೆಚ್ಚಾದ ಹೊಸ ಲೀಫ್ ಆ ತುದಿಯನ್ನು ಆ್ಯಕ್ಸಲ್ ಕಡೆಗೆ ಎಳೆದುಬಿಟ್ಟಿದ್ದರೆ, ಪ್ರತಿ ಉಬ್ಬಿಗೂ ಲೀಫ್ ಮೊದಲು ಷ್ಯಾಕಲ್ ಜೊತೆ ಗುದ್ದಾಡಬೇಕಾಗುತ್ತದೆ. ಇದಕ್ಕೆ ಉದ್ದದ ಷ್ಯಾಕಲ್ ಒಂದು ಪರಿಹಾರ, ಆದರೆ ಅದೂ ಎತ್ತರ ಹೆಚ್ಚಿಸುತ್ತದೆ: 50 ಮಿ.ಮೀ. ಉದ್ದದ ಹೆಚ್ಚಳಕ್ಕೆ ಸುಮಾರು 25 ಮಿ.ಮೀ. ಎತ್ತರ.

ಆರನೆಯ ಹೆಜ್ಜೆ: ಭಾರಕ್ಕೆ ತಕ್ಕ ಸ್ಪ್ರಿಂಗ್

ಇಲ್ಲಿಯವರೆಗಿನ ಎಲ್ಲವೂ ಸರಿಯಿದ್ದು ಗಾಡಿ ಇನ್ನೂ ಎತ್ತರ, ಇನ್ನೂ ಗಡಸು ಎಂದಾದರೆ, ಬಹುಶಃ ಹೆಚ್ಚಿನ ಭಾರಕ್ಕೆಂದು ಮಾಡಿದ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಲಾಗಿದೆ. ಉಕ್ಕಿನ ಬಂಪರ್, ವಿಂಚ್, ಮೇಲ್ಛಾವಣಿಯ ಡೇರೆ, ನೀರಿನ ಟ್ಯಾಂಕು ಮುಂದೊಂದು ದಿನ ಹಾಕೋಣವೆಂಬ ಯೋಚನೆಯಿಂದ ಕೊಂಡ ಸ್ಪ್ರಿಂಗ್, ಆ ದಿನ ಬರುವವರೆಗೆ ಶಿಕ್ಷೆಯೇ. ಹಿಂದಿನ ಉದಾಹರಣೆಗೇ ಮರಳೋಣ: 60 ನ್ಯೂಟನ್ ರೇಟಿನ ಸ್ಪ್ರಿಂಗನ್ನು ಪ್ರತಿ ಮೂಲೆಯಲ್ಲಿ 100 ಕಿಲೋ ಹೆಚ್ಚುವರಿ ಭಾರವಿದ್ದಾಗ 50 ಮಿ.ಮೀ. ಎತ್ತರ ಸಿಗುವಂತೆ ಮಾಡಿದ್ದರೆ, ಆ ಭಾರವಿಲ್ಲದಾಗ ಸಿಗುವುದು 66 ಮಿ.ಮೀ. ಹಳೆಯ ಶಾಕ್ ಜೊತೆಗೆ ಸೇರಿದರೆ ಡ್ರೂಪ್ 34 ಮಿ.ಮೀ.ಗೆ ಇಳಿಯಿತು. ಎತ್ತರ, ಗಡಸುತನ, ಜಗ್ಗುವ ಶಾಕ್ ಮೂರೂ ಒಂದೇ ಬೇರಿನಿಂದ ಹೊರಟವು.

ಆದ್ದರಿಂದ ಸ್ಪ್ರಿಂಗ್ ಕೊಳ್ಳುವ ಮೊದಲು ಗಾಡಿಯನ್ನು ತೂಕದ ಸೇತುವೆಯ (ವೇಬ್ರಿಡ್ಜ್) ಮೇಲೆ ಒಯ್ದು, ಮುಂದಿನ ಆ್ಯಕ್ಸಲ್ ಮತ್ತು ಹಿಂದಿನ ಆ್ಯಕ್ಸಲ್ ಭಾರಗಳನ್ನು ಬೇರೆಬೇರೆಯಾಗಿ ತೂಗಿಸಿ. ಒಮ್ಮೆ ದಿನನಿತ್ಯದ ಸ್ಥಿತಿಯಲ್ಲಿ, ಇನ್ನೊಮ್ಮೆ ಪ್ರವಾಸದ ಪೂರ್ತಿ ಸಾಮಾನಿನೊಂದಿಗೆ. ವರ್ಷದಲ್ಲಿ ಹೆಚ್ಚು ದಿನ ಯಾವ ಭಾರದಲ್ಲಿ ಓಡಿಸುತ್ತೀರೋ ಅದಕ್ಕೆ ತಕ್ಕ ಸ್ಪ್ರಿಂಗ್ ಆಯ್ದುಕೊಳ್ಳಿ. ಅಪರೂಪದ ಭಾರಕ್ಕೆ, ಹಿಂದೆ ಕಾಯಿಲ್ ಇರುವ ಗಾಡಿಗಳಲ್ಲಿ ಕಾಯಿಲ್ ಒಳಗಿಡುವ ಗಾಳಿಚೀಲ ನೆರವಾಗುತ್ತದೆ. ಲೀಫ್ ಇರುವ ಪಿಕಪ್‌ಗಳಿಗೆ ಗಾಳಿಚೀಲ ಕಟ್ಟುವಾಗ ಮಾತ್ರ ಬಹಳ ಎಚ್ಚರ ಬೇಕು. ಲೀಫ್ ತನ್ನ ಭಾರವನ್ನು ಎರಡು ತುದಿಗಳಲ್ಲಿ ಚಾಸಿಗೆ ಹಂಚುತ್ತದೆ. ಚೀಲ ಅದನ್ನೆಲ್ಲ ಆ್ಯಕ್ಸಲ್ ನೇರಕ್ಕೆ ಒಂದೇ ಬಿಂದುವಿಗೆ ತರುತ್ತದೆ, ಹಿಂಬದಿಯಲ್ಲಿ ಭಾರ ಮಿತಿಮೀರಿದ್ದರೆ ಚಾಸಿಯೇ ಬಾಗಬಹುದು.

ಏಳನೆಯ ಹೆಜ್ಜೆ: ಶಾಕ್ ಅಬ್ಸಾರ್ಬರ್

ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಆ ಸ್ಪ್ರಿಂಗಿನ ಕುಣಿತವನ್ನು ಹಿಡಿಯುತ್ತದೆ. ಒತ್ತಡದ ನೈಟ್ರೋಜನ್ ತುಂಬಿದ ಮಾನೋಟ್ಯೂಬ್ (ಒಂದೇ ಕೊಳವೆಯ) ಶಾಕ್ ಸ್ವಲ್ಪ ಎತ್ತರವನ್ನೂ ಕೊಡುತ್ತದೆಂಬುದು ಅನೇಕರಿಗೆ ಹೊಸ ಸಂಗತಿ. ರಾಡ್ 18 ಮಿ.ಮೀ. ದಪ್ಪವಿದ್ದು ಅನಿಲದ ಒತ್ತಡ 20 ಬಾರ್ ಇದ್ದರೆ, ಅದು ರಾಡನ್ನು ಹೊರಕ್ಕೆ ತಳ್ಳುವ ಬಲ ಸುಮಾರು 509 ನ್ಯೂಟನ್, ಅಂದರೆ 52 ಕಿಲೋ ತೂಕದಷ್ಟು. ನಮ್ಮ 40 ನ್ಯೂಟನ್ ಸ್ಪ್ರಿಂಗಿನ ಜೊತೆ ನೇರವಾಗಿ ನಿಲ್ಲಿಸಿದರೆ ಅದೊಂದೇ ಗಾಡಿಯನ್ನು 12 ಮಿ.ಮೀ.ಗಿಂತ ಹೆಚ್ಚು ಎತ್ತುತ್ತದೆ. ಶಾಕ್ ಮಾತ್ರ ಬದಲಿಸಿದರೂ ಎತ್ತರ ಏಕೆ ಏರಿತೆಂಬ ಪ್ರಶ್ನೆಗೆ ಇದೇ ಉತ್ತರ.

ಲಕ್ಷಣಗಳನ್ನು ಹೀಗೆ ಓದಬಹುದು. ಉಬ್ಬು ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗಾಡಿದರೆ ರಿಬೌಂಡ್ ತಡೆ (ಅದುಮಿದ ಸ್ಪ್ರಿಂಗ್ ಮರಳಿ ಚಾಚುವಾಗ ಶಾಕ್ ಒಡ್ಡುವ ತಡೆ) ಸಾಲದು. ಗಡಸು ಸ್ಪ್ರಿಂಗಿಗೆ ಹಳೆಯ ಶಾಕ್ ಜೋಡಿಸಿದಾಗ ಆಗುವುದು ಇದೇ. ಅಲೆಅಲೆಯಾದ ಮಣ್ಣುದಾರಿಯಲ್ಲಿ ಹೋದಂತೆ ಗಾಡಿ ಕೆಳಕೆಳಗೆ ಕುಸಿದು ಗಡಸಾಗುತ್ತ ಹೋದರೆ ರಿಬೌಂಡ್ ತಡೆ ಅತಿಯಾಗಿದೆ, ಒಂದು ಉಬ್ಬಿನಿಂದ ಸ್ಪ್ರಿಂಗ್ ಹಿಂತಿರುಗುವ ಮೊದಲೇ ಇನ್ನೊಂದು ಬರುತ್ತಿದೆ. ಸಣ್ಣ, ಚೂಪಾದ ಕಲ್ಲುಗಳು ಮಾತ್ರ ಚುಚ್ಚಿದಂತೆ ತಿಳಿದರೆ ಕಂಪ್ರೆಶನ್ (ಅದುಮುವಾಗಿನ) ತಡೆ ಅಥವಾ ಟೈರಿನ ಗಾಳಿ ಹೆಚ್ಚಾಗಿದೆ.

ಶಾಕ್‌ನ ರಾಡ್ ಹೊರಗೆ ಕಾಣುವಂತಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಟೈ ಕಟ್ಟಿ ಒಡಲಿನವರೆಗೆ ಸರಿಸಿಡಿ. ಸದಾ ಓಡಾಡುವ ಕೆಟ್ಟ ದಾರಿಯಲ್ಲಿ ಹೋಗಿ ಬಂದು ನೋಡಿದರೆ, ಟೈ ರಾಡ್ ಮೇಲೆ ಎಲ್ಲಿಗೆ ಸರಿದಿದೆಯೋ ಅಲ್ಲಿಯವರೆಗೆ ಶಾಕ್ ಅದುಮಿದೆ ಎಂದರ್ಥ. ಇಡೀ ದಾರಿಯಲ್ಲಿ ಮೂವತ್ತು ಮಿಲಿಮೀಟರ್ ಕೂಡ ಅದುಮಿಲ್ಲವಾದರೆ ಗಾಡಿ ನಿಜಕ್ಕೂ ಗಡಸು. ಬಂಪ್ ಸ್ಟಾಪ್‌ವರೆಗೆ ಹೋಗಿದ್ದರೆ ನಿಮಗೆ ಗಡಸೆನಿಸಿದ್ದು ಆ ರಬ್ಬರಿನ ಪೆಟ್ಟು, ಬೇಕಾದದ್ದು ಇನ್ನಷ್ಟು ಗಡಸು ಸ್ಪ್ರಿಂಗ್. ಊಹೆಯನ್ನು ತಲೆಕೆಳಗು ಮಾಡುವ ಇಂಥ ಸರಳ ಪರೀಕ್ಷೆ ಇನ್ನೊಂದನ್ನು ನಾನು ಕಂಡಿಲ್ಲ. ಹೊಂದಿಸಬಹುದಾದ ಶಾಕ್ ಇದ್ದರೆ ಅತಿ ಮೆತ್ತನೆಯ ತುದಿಯಿಂದ ತೊಡಗಿ, ಕ್ಲಿಕ್‌ಗಳನ್ನು ಎಣಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಪರೀಕ್ಷಿಸಿ.

ಎತ್ತರದ ಜೊತೆಗೆ ಬದಲಾದ ಉಳಿದ ಸಂಗತಿಗಳು

ಸವಾರಿ ಸರಿಹೋದ ಮೇಲೂ ಕೆಲವನ್ನು ನೋಡದೆ ಬಿಡುವಂತಿಲ್ಲ. ಇಡೀ ಆ್ಯಕ್ಸಲ್ ಇರುವ ಮುಂಭಾಗದಲ್ಲಿ ಎತ್ತರ ಹೆಚ್ಚಿದಂತೆ ಕ್ಯಾಸ್ಟರ್ ಕಡಿಮೆಯಾಗಿ, ಸ್ಟಿಯರಿಂಗ್ ನೇರಕ್ಕೆ ತಾನೇ ಮರಳುವುದು ಕುಗ್ಗುತ್ತದೆ. ಆಫ್‌ಸೆಟ್ ಬುಷ್ ಅಥವಾ ಬದಲಿ ಆರ್ಮ್‌ಗಳಿಂದ ಸರಿಪಡಿಸಬೇಕು. ಪ್ಯಾನ್‌ಹಾರ್ಡ್ ರಾಡ್ ಆ್ಯಕ್ಸಲ್ಲನ್ನು ಒಂದು ಬದಿಗೆ ಎಳೆದಿರುತ್ತದೆ, ಹೊಂದಿಸಬಹುದಾದ ರಾಡ್ ಹಾಕಿದರೆ ನಡುವಿಗೆ ತರಬಹುದು. ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರಿನ ಲಿಂಕ್‌ಗಳು ಗಿಡ್ಡವಾಗಿದ್ದರೆ ಬಾರ್ ವಿಪರೀತ ಕೋನದಲ್ಲಿ ಸಿಕ್ಕಿಕೊಂಡು ಅದೂ ಗಡಸುತನಕ್ಕೆ ಪಾಲು ಕೊಡುತ್ತದೆ. ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿ ಒಂದು ನಿರ್ದಿಷ್ಟ ವೇಗದಲ್ಲಿ ನಡುಕ ಬಂದರೆ ಅದನ್ನು ಟೈರಿನ ಬ್ಯಾಲೆನ್ಸ್ ಎಂದು ತಪ್ಪಾಗಿ ತಿಳಿಯಬೇಡಿ.

ಬ್ರೇಕಿನ ವಿಷಯ ಇವೆಲ್ಲಕ್ಕಿಂತ ಗಂಭೀರ. ಹಲವು ಗಾಡಿಗಳಲ್ಲಿ ಹಿಂದಿನ ಆ್ಯಕ್ಸಲ್ ಮತ್ತು ಚಾಸಿಯ ನಡುವಿನ ದೂರವನ್ನು ನೋಡಿ ಹಿಂದಿನ ಬ್ರೇಕಿನ ಒತ್ತಡ ನಿರ್ಧರಿಸುವ ಕವಾಟವಿರುತ್ತದೆ. ಹಿಂಭಾಗ ಎತ್ತರವಾದರೆ, ಗಾಡಿ ಖಾಲಿಯಿದೆ ಎಂಬ ತಪ್ಪು ಸೂಚನೆ ಅದಕ್ಕೆ ಹೋಗಿ, ಹಿಂದಿನ ಬ್ರೇಕಿನ ಒತ್ತಡ ಇಳಿಯುತ್ತದೆ. ಲಿಫ್ಟ್ ಎಷ್ಟೋ ಅಷ್ಟಕ್ಕೆ ಕವಾಟದ ಸನ್ನೆಯ ಆಧಾರವನ್ನು ತಯಾರಕರ ಕೈಪಿಡಿಯಂತೆ ಬದಲಿಸಬೇಕು. ಬ್ರೇಕ್ ಹೋಸ್, ಎಬಿಎಸ್ ತಂತಿ, ಡಿಫರೆನ್ಷಿಯಲ್ ಉಸಿರಾಟದ ಕೊಳವೆ ಇವು ಚಕ್ರ ಪೂರ್ಣ ನೇತಾಡುವಾಗ ಎಳೆದುಕೊಳ್ಳುತ್ತಿಲ್ಲವೆಂದು, ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ ಖಾತ್ರಿಪಡಿಸಿಕೊಳ್ಳಿ. ಹೆಡ್‌ಲೈಟ್ ಕೆಳಕ್ಕೆ ಹೊಂದಿಸಿ, ಎದುರಿನವರ ಕಣ್ಣಿಗೆ ಹೊಡೆಯದಿರಲಿ. ಗಾಜಿನ ಮೇಲಿನ ಕ್ಯಾಮೆರಾ ನೋಡಿ ತಾನೇ ಬ್ರೇಕ್ ಹಾಕುವ ಗಾಡಿಯಾದರೆ ಆ ಕ್ಯಾಮೆರಾದ ಹೊಂದಿಕೆಯನ್ನೂ ಮಾಡಿಸಿ. ಗುರುತ್ವಕೇಂದ್ರ ಮೇಲೇರಿರುವುದರಿಂದ ತಿರುವುಗಳಲ್ಲಿ ಮೊದಲಿನ ವೇಗ ಇನ್ನು ಸುರಕ್ಷಿತವಲ್ಲ.

ಲೀಫ್ ಸ್ಪ್ರಿಂಗಿನ ಯು-ಬೋಲ್ಟುಗಳನ್ನು ಹೊಸದಾಗಿಯೇ ಹಾಕಿಸಿ, ಒಮ್ಮೆ ಎಳೆದು ಬಿಗಿದವನ್ನು ಮರುಬಳಸಬೇಡಿ. ಮೊದಲ 100 ಕಿಲೋಮೀಟರಿಗೆ ಒಮ್ಮೆ, 1,000ಕ್ಕೆ ಇನ್ನೊಮ್ಮೆ ಎಲ್ಲ ಬೋಲ್ಟುಗಳ ಬಿಗಿತ ನೋಡಿ, ನಾಲ್ಕೂ ಮೂಲೆಗಳ ಎತ್ತರವನ್ನು ಮೊದಲಿನ ರೀತಿಯಲ್ಲೇ ಅಳೆದು ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ನಾಲ್ಕೂ ಸಮವಾಗಿ ಕೆಲವು ಮಿಲಿಮೀಟರ್ ಇಳಿದಿದ್ದರೆ ಸ್ಪ್ರಿಂಗ್ ಕೂತಿದೆ, ವೀಲ್ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟನ್ನು ಕೊನೆಯ ಸಲ ಹೊಂದಿಸಲು ಇದೇ ಸರಿಯಾದ ಸಮಯ. ಒಂದೇ ಮೂಲೆ ಉಳಿದವುಗಳಿಗಿಂತ ಹೆಚ್ಚು ಇಳಿದಿದ್ದರೆ ಆ ಸ್ಪ್ರಿಂಗಿನ ತಟ್ಟೆ, ಅದರ ರಬ್ಬರ್ ಗಾದಿ ಮತ್ತು ಕಾಯಿಲ್‌ನ ತುದಿಯನ್ನು ಆ ದಿನವೇ ಬಿಚ್ಚಿ ನೋಡಿ.